ತಳಕ್ಕೆ ತೂತಿಲ್ಲದ ಕಲ್ಲಿನ ಕೊಡ

ನನ್ನ ನೆಗೆಣ್ಣಿಗೆ, ಅಂದರೆ ಮೈದುನನ ಹೆಂಡತಿಗೆ, ತವರಿನವರು ಒಂದು ಕಲ್ಲಿನ ಕೊಡ ಕಳಿಸಿದರು. ಅವರು ಗಂಗಾವತಿ ಕಡೆ ಭತ್ತ ಬೆಳೆಯುವ ಮಂದಿ. ಕೊಡದ ಮೇಲೆ ಬೆಣ್ಣೆ ಕದಿಯುವ ಕೃಷ್ಣನ ಕೆತ್ತನೆ. ಅವಳು ಅದರಲ್ಲಿ ತುಳಸಿ ಹಚ್ಚಿದಳು.

ನಮ್ಮೂರು ಇರಕಲ್ಲಗಡದಲ್ಲಿ ನಮ್ಮಿಬ್ಬರ ಅಂಗಳಗಳ ನಡುವೆ ಒಂದೇ ಮೋಟು ಗೋಡೆ. ಹಿರಿಯ ಸೊಸೆಯೆಂದು ಓಣಿಯ ಹೆಂಗಸರು ತುಳಸಿ ಲಗ್ನಕ್ಕೆ ನನ್ನ ಅಂಗಳಕ್ಕೇ ಬರುತ್ತಿದ್ದರು. ಆ ವರ್ಷ ಆರತಿ ತಟ್ಟೆ ಹಿಡಿದು ನನ್ನ ಬಾಗಿಲ ಮುಂದೆಯೇ ಹಾದು ಅವಳಲ್ಲಿಗೆ ಹೋದರು. ನನ್ನ ಮಣ್ಣಿನ ಕಟ್ಟೆಯ ತುಳಸಿಗೆ ನಾನೊಬ್ಬಳೇ ಸುತ್ತು ಬಂದೆ. ಹೊಟ್ಟೆಯಲ್ಲಿ ಬೆಂಕಿ ಬಿತ್ತು, ಸುಳ್ಳು ಯಾಕೆ ಹೇಳಲಿ.

ಬೇಸಿಗೆಯಲ್ಲಿ ಕೊಪ್ಪಳಕ್ಕೆ ಹೋಗಿ ಕಲ್ಲು ಕೆತ್ತುವವನನ್ನು ಹಿಡಿದೆ.

"ನನ್ನ ನೆಗೆಣ್ಣಿ ಕೊಡಕ್ಕ ಮುಂದಷ್ಟ ಕೆತ್ತ್ಯಾರ. ನನ್ನದಕ್ಕ ಸುತ್ತೂ ಬೇಕು."

"ಯಾವ ಕಥಿ ತಗೀಲ್ರಿ, ಅಮ್ಮಾರ?"

"ಆಕಿ ಕೃಷ್ಣ ಬೆಣ್ಣಿ ಕಳ್ಳ. ನನ್ನ ಕೃಷ್ಣ ಕಾಳಿಂಗನ ತಲಿ ತುಳೀಲಿ."

ಹೋಗಿ ಹೋಗಿ ನೋಡಿ ಬಂದೆ. ಹೆಡೆಗಳು ಎದ್ದವು, ಕೈಮುಗಿದ ನಾಗರಾಣಿಯರು ಮೂಡಿದರು, ಮಡುವಿನ ದಂಡೆಗೆ ಆಕಳು ನಿಂತವು. ಕಡೆಯ ದಿನ ಅವನು ಕೊಡ ಬೋರಲು ಹಾಕಿ ತಳಕ್ಕೆ ಉಳಿ ಇಟ್ಟ. ನಾನು ಅವನ ಕೈ ಹಿಡಿದೆ.

"ಏನ್ ಮಾಡಾಕತ್ತಿ?"

"ನೀರು ಇಳ್ಯಾಕ ತೂತು ಬೇಕಲ್ರಿ."

"ಕೊಡಕ್ಕ ತೂತು ಹೊಡಿಯೋದು ಸುಡುಗಾಡದಾಗ. ದೇವರ ಕೊಡಕ್ಕಲ್ಲ."

"ಗಿಡ ಕೊಳೀತೈತ್ರಿ."

"ಗಿಡ ಹಚ್ಚೋದು ನನಗ ಕಲಿಸಬ್ಯಾಡ ತಮ್ಮಾ."

ಮಾವ ಸತ್ತಾಗ ನನ್ನ ಗಂಡ ತೂತಾದ ಕೊಡ ಹೊತ್ತು ನೀರು ಸುರಿಸುತ್ತ ಚಿತೆ ಸುತ್ತಿದ್ದನ್ನು ಕಂಡವಳು ನಾನು. ಅಂಥದ್ದನ್ನು ಅಂಗಳದಲ್ಲಿ ಇಡುತ್ತೇನೆಯೇ?

ತೂತಿಲ್ಲದ ಕೊಡವನ್ನೇ ಮನೆಗೆ ತಂದು ತುಳಸಿ ಹಚ್ಚಿದೆ. ಮಳೆಗಾಲ ಬಂತು. ಎಲೆ ಹಳದಿಯಾದವು. ಬಾಡಿತೆಂದು ಇನ್ನಷ್ಟು ನೀರು ಹೊಯ್ದೆ. ಲಗ್ನದ ಹಿಂದಿನ ದಿನ ಮುಟ್ಟಿದರೆ ಗಿಡ ಬುಡಸಮೇತ ಕೈಗೆ ಬಂತು. ಬೇರು ಕಪ್ಪಗಾಗಿ ನಾರುತ್ತಿತ್ತು. ಕೊಡ ನೋಡಲು ಬಂದಿದ್ದ ಓಣಿಯ ಮುದುಕಿ ಒಳಗೆ ಬಗ್ಗಿ ನೋಡಿದಳು.

"ಕಾಳಿಂಗನ ಮಡುವು ಖರೇನ ಆಗೇತಲ್ಲವಾ. ಹಾವೊಂದು ಕಡಿಮಿ ನೋಡು."

ನೆಗೆಣ್ಣಿಯ ಕೊಡದ ತಳಕ್ಕೆ ತೂತಿದೆಯೆಂದು ಮುದುಕಿಯೇ ಹೇಳಿದಳು. ವರ್ಷವಿಡೀ ಗೋಡೆ ಮೇಲಿಂದ ಅದನ್ನೇ ನೋಡಿದ ನಾನು ಒಮ್ಮೆಯೂ ಬಗ್ಗಿ ತಳ ನೋಡಿರಲಿಲ್ಲ.

ಮರುದಿನ ಹೋಗದೆ ಕೂತರೆ ಮಂದಿ ಇನ್ನೂ ಆಡಿಕೊಳ್ಳುತ್ತಾರೆಂದು ನೆಗೆಣ್ಣಿಯ ಅಂಗಳಕ್ಕೆ ಹೋದೆ. ಹೆಂಗಸರೆಲ್ಲ ನನ್ನ ಮುಖ ನೋಡಿ ಮುಸಿಮುಸಿ ನಕ್ಕರು. ಅವಳೊಬ್ಬಳು ನಗಲಿಲ್ಲ. ಆರತಿ ತಟ್ಟೆ ತಂದು ನನ್ನ ಕೈಗೆ ಕೊಟ್ಟಳು.

"ಯಕ್ಕಾ, ನೀ ಹಿರೇಕಿ. ಮೊದಲಿನ ಆರತಿ ನಿಂದು."

ನಕ್ಕಿದ್ದರೆ ಜಗಳವಾದರೂ ಆಡಬಹುದಿತ್ತು.

ಆಮೇಲೆ ನಾನೇ ಕಲ್ಲು ಕೆತ್ತುವವನನ್ನು ಕರೆಸಿ ತೂತು ಹೊಡೆಸಿದೆ. ಈಗ ನನ್ನ ತುಳಸಿ ಅವಳದಕ್ಕಿಂತ ಎತ್ತರ. ಆದರೂ ಓಣಿಯವರಿಗೆ ಅವಳ ಅಂಗಳವೇ ರೂಢಿಯಾಗಿಬಿಟ್ಟಿದೆ. ನಾನೂ ಹೋಗುತ್ತೇನೆ. ಪ್ರತಿ ವರ್ಷ ಮೊದಲ ತಟ್ಟೆ ನನಗೇ ಕೊಡುತ್ತಾಳೆ. ಹಿಡಿದಾಗೆಲ್ಲ ಮೈ ಉರಿಯುತ್ತದೆ.