ತೌಡು ಕುಟ್ಟಿದ ಅಳಿಯ

ಅಕ್ಕಿ ಗಿರಣಿಯವರ ಮನೆಗೆ ಮನೆ ಅಳಿಯನಾಗಿ ಹೋಗುವವನಿಗೆ ಸೊಂಟ ಗಟ್ಟಿ ಇರಬೇಕು, ಕಿವಿ ಮಂದ ಇರಬೇಕು. ಇವನಿಗೆ ಎರಡೂ ಇರಲಿಲ್ಲ. ಇದ್ದದ್ದು ರಸಾಯನಶಾಸ್ತ್ರದ ಒಂದು ಪದವಿ. ಮದುವೆಯ ದಿನ ಬೀಗರೆಲ್ಲ ‘ಓದಿದ ಹುಡುಗ’ ಎಂದು ಹೊಗಳಿದರು. ಮಾರನೆಯ ದಿನದಿಂದ ಅದೇ ಮಾತನ್ನು ಬೇರೆ ರಾಗದಲ್ಲಿ ಹೇಳತೊಡಗಿದರು.

ಗಿರಣಿ ಅತ್ತೆಯದು. ಗಂಡ ತೀರಿಕೊಂಡ ಮೇಲೆ ಲಾರಿಯವರು, ಹಮಾಲರು, ದಲ್ಲಾಳಿಗಳು ಎಲ್ಲರನ್ನೂ ಒಂದೇ ಗಂಟಲಿನಿಂದ ಆಳಿದ ಹೆಂಗಸು ಆಕೆ. ಮಗಳು, ಎಂದರೆ ಇವನ ಹೆಂಡತಿ, ಬಾಯ್ಲರ್ ಮತ್ತು ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದಳು. ಯಾವ ಬೆಲ್ಟು ಸವೆದಿದೆ ಎಂದು ಅಂಗಳದಲ್ಲಿ ನಿಂತೇ ಸದ್ದಿನಲ್ಲಿ ಹೇಳಬಲ್ಲವಳು. ಮಗ ಏನನ್ನೂ ನೋಡಿಕೊಳ್ಳುತ್ತಿರಲಿಲ್ಲ, ಆದ್ದರಿಂದ ಎಲ್ಲರೂ ಅವನನ್ನು ‘ಸಣ್ಣ ಯಜಮಾನರು’ ಎನ್ನುತ್ತಿದ್ದರು. ಇಂಥ ಮನೆಯಲ್ಲಿ ಅಳಿಯನಿಗೆ ಯಾವ ಕೆಲಸ ಕೊಡುವುದು? ಅತ್ತೆ ಬಹಳ ಯೋಚಿಸಿ, ಯಾರು ಮಾಡಿದರೂ ಕೆಡದಂಥ ಒಂದು ಕೆಲಸ ಕೊಟ್ಟರು. ತೌಡಿನ ಗೋದಾಮು.

ಅಕ್ಕಿಯನ್ನು ಬೆಳ್ಳಗೆ ಮಾಡುವಾಗ ಮೈಯಿಂದ ಉದುರುವ ಕಂದು ಪುಡಿ ತೌಡು. ದನದವರು ಬಂದು ಮೂಟೆಗಟ್ಟಲೆ ಒಯ್ಯುತ್ತಾರೆ. ಅಳಿಯ ಮಾಡಬೇಕಾದದ್ದು ಇಷ್ಟೇ: ಮೂಟೆ ಹೋಗುವಾಗ ಬಾಗಿಲು ತೆರೆಯುವುದು, ಹೋದ ಮೇಲೆ ಮುಚ್ಚುವುದು. ಪದವೀಧರನಾದ್ದರಿಂದ ಅದನ್ನು ಬೇಗ ಕಲಿತ. ಹಮಾಲರು ಅವನಿಗೆ ‘ತೌಡು ಸಾಹೇಬರು’ ಎಂದು ಹೆಸರಿಟ್ಟರು. ಭಾವಮೈದುನನಂತೂ ಊಟಕ್ಕೆ ಕೂತಾಗಲೆಲ್ಲ, “ಏನ್ ಭಾವ, ತೌಡು ಕುಟ್ಟಿ ಆಯ್ತಾ?” ಎಂದು ಕೇಳಿ, ತನ್ನ ಜೋಕಿಗೆ ತಾನೇ ನಕ್ಕು, ಇನ್ನೊಂದು ಸಲ ಬಡಿಸಿಕೊಳ್ಳುತ್ತಿದ್ದ.

ಬಾಗಿಲು ತೆರೆದು ಮುಚ್ಚುವುದರ ನಡುವೆ ಸಮಯ ಬಹಳ ಉಳಿಯುತ್ತಿತ್ತು. ಕೆಟ್ಟದ್ದೆಂದರೆ, ಆ ಸಮಯದಲ್ಲಿ ಅವನು ಓದತೊಡಗಿದ. ತೌಡಿನ ನಾರಿನೊಳಗೆ ಒಂದು ಆಮ್ಲ ಬಿಗಿಯಾಗಿ ಕೂತಿರುತ್ತದೆ. ಒಂದು ಬಗೆಯ ಕಿಣ್ವ ಹಾಕಿದರೆ ನಾರು ಸಡಿಲಾಗಿ ಅದು ಹೊರಬರುತ್ತದೆ. ಅದಕ್ಕೆ ಇನ್ನೊಂದು ಬಗೆಯ ಕಿಣ್ವ ಹಾಕಿದರೆ ವೆನಿಲಾ ಪರಿಮಳವಾಗಿ ತಿರುಗುತ್ತದೆ. ಐಸ್‌ಕ್ರೀಮಿಗೆ, ಬಿಸ್ಕತ್ತಿಗೆ ಹಾಕುವ ಅದೇ ವೆನಿಲಾ. ಇದನ್ನು ಓದಿದ ದಿನ ಅವನು ಬಾಗಿಲು ಮುಚ್ಚುವುದನ್ನೇ ಮರೆತ. ಪಕ್ಕದ ಓಣಿಯ ಮೇಕೆಗಳು ಒಳಗೆ ಬಂದು ಊಟ ಮುಗಿಸಿಕೊಂಡು ಹೋದವು. ಯಾರೂ ಕೆಡಿಸಲಾಗದ ಕೆಲಸವನ್ನು ಅಳಿಯ ಕೆಡಿಸಿ ತೋರಿಸಿದನೆಂದು ಮನೆಯಲ್ಲಿ ಸುದ್ದಿಯಾಯಿತು.

ಆ ರಾತ್ರಿಯ ಊಟದಲ್ಲೇ ಅವನು ಅತ್ತೆಯ ಮುಂದೆ ಯೋಜನೆ ಇಟ್ಟ.

“ಕಿಣ್ವ ಅಂದ್ರೆ ಏನದು?” ಎಂದರು ಅತ್ತೆ.

“ಅನ್ನ ಬಾಯಲ್ಲಿ ಅಗೀತಾ ಇದ್ರೆ ಸಿಹಿ ಆಗುತ್ತಲ್ಲ ಅತ್ತೆ, ಅದು ಉಗುಳಲ್ಲಿರೋ ಕಿಣ್ವದ ಕೆಲಸ. ಹಾಗೇ ಬೇರೆ ಬೇರೆ ಕೆಲಸಕ್ಕೆ ಬೇರೆ ಬೇರೆ ಕಿಣ್ವ. ಪುಡಿ ರೂಪದಲ್ಲಿ ಸಿಗುತ್ತೆ, ತರಿಸಬೇಕು.”

“ಉಗುಳು ತರಿಸಬೇಕಾ? ನಮ್ಮ ಹಮಾಲರು ಗೋಡೆ ತುಂಬ ಪುಕ್ಕಟೆ ಉಗೀತಾರಲ್ಲ ಅಳಿಯಂದಿರೇ.”

ಭಾವಮೈದುನ ನೀರು ಕುಡಿಯುತ್ತಿದ್ದವನು ಮೂಗಿಗೇರಿಸಿಕೊಂಡ. ಅಳಿಯ ಬಿಡಲಿಲ್ಲ. ತೌಡಿನೊಳಗೇ ಒಂದು ಕಿಣ್ವ ಇರುತ್ತದೆ, ಗಿರಣಿಯಿಂದ ಹೊರಬಿದ್ದ ಗಳಿಗೆಯಿಂದ ಅದು ಎಣ್ಣೆಯಂಶವನ್ನು ಕೆಡಿಸತೊಡಗುತ್ತದೆ, ಮೊದಲು ಆವಿ ಕೊಟ್ಟು ಅದನ್ನು ಅಡಗಿಸಿ ಆಮೇಲೆ ಹೊರಗಿನ ಕಿಣ್ವ ಹಾಕಬೇಕು ಎಂದು ವಿವರಿಸಿದ.

“ಅಂದ್ರೆ ಮನೇಲಿ ಹುಟ್ಟಿದ್ದು ಕೆಡಿಸುತ್ತೆ, ಹೊರಗಿಂದ ಬಂದಿದ್ದು ಉದ್ಧಾರ ಮಾಡುತ್ತೆ,” ಎಂದು ಅತ್ತೆ ಮಗನ ಮುಖ ನೋಡಿದರು, ಅಳಿಯನ ಮುಖ ನೋಡಿದರು. “ತುಂಬ ಚೆನ್ನಾಗಿದೆ ಶಾಸ್ತ್ರ. ಅನ್ನ ಆರುತ್ತೆ, ಊಟ ಮಾಡಿ.”

ಅನುಮತಿ ಸಿಗಲಿಲ್ಲ, ಹೆಂಡತಿ ಸಿಕ್ಕಳು. ಅವಳು ಏನೂ ಕೇಳದೆ, ಭತ್ತ ಒಣಗಿಸಲು ಇದ್ದ ಬಾಯ್ಲರಿನಿಂದ ಗೋದಾಮಿನವರೆಗೆ ಒಂದು ಸಣ್ಣ ಪೈಪು ಎಳೆದು ಕೊಟ್ಟಳು. ಒಂದು ಹಳೆಯ ಟ್ಯಾಂಕು, ಒಂದು ಥರ್ಮಾಮೀಟರು, ಅವನು ಕೈಯಿಂದ ದುಡ್ಡು ಹಾಕಿ ತರಿಸಿದ ಕಿಣ್ವದ ಡಬ್ಬಿಗಳು; ಅಳಿಯನ ಕಾರ್ಖಾನೆ ಸಿದ್ಧವಾಯಿತು.

ಮೊದಲ ವರ್ಷ ಬಂದದ್ದು ವೆನಿಲಾ ಅಲ್ಲ. ಒದ್ದೆ ನಾಯಿಯ ವಾಸನೆ ಬಂತು, ಹಳಸಿದ ಗಂಜಿಯದು ಬಂತು, ಒಮ್ಮೆ ಆಸ್ಪತ್ರೆಯದೂ ಬಂತು. ಒಂದು ಸಲವಂತೂ ಮುಚ್ಚಿಟ್ಟ ಪೀಪಾಯಿ ಹುದುಗೆದ್ದು, ಮುಚ್ಚಳ ಹಾರಿ, ಹೊರಗೆ ನಿಂತಿದ್ದ ಭಾವಮೈದುನನ ಹೊಸ ಕಾರಿನ ಮೇಲೆ ಬಿತ್ತು. ಹಿಂದೆಯೇ ನೊರೆ. ಕಿಟಕಿಯ ಗಾಜು ಇಳಿದಿದ್ದರಿಂದ ಸೀಟುಗಳಿಗೂ ನ್ಯಾಯವಾಗಿ ಹಂಚಿಕೆಯಾಯಿತು. ಆ ಕಾರನ್ನು ತೊಳೆದು ಒಣಗಿಸಿದ ಮೇಲೂ ಬೀದಿ ದನಗಳು ಪ್ರೀತಿಯಿಂದ ಅದರ ಹಿಂದೆ ಬರುತ್ತಿದ್ದವು.

ಇಷ್ಟಾದರೂ ಅವನು ಕೈಬಿಡಲಿಲ್ಲ. ಬಿಸಿ ಹೆಚ್ಚಾದರೆ ಕಿಣ್ವ ಸಾಯುತ್ತದೆ, ಕಡಿಮೆಯಾದರೆ ಮಲಗುತ್ತದೆ, ಬಾಣಂತಿಯಂತೆ ನೋಡಿಕೊಳ್ಳಬೇಕು. ತನ್ನ ಮಕ್ಕಳಿಗೆ ಜ್ವರ ಬಂದಾಗ ಹಣೆ ಮುಟ್ಟಿ ನೋಡಲು ಮರೆಯುತ್ತಿದ್ದವನು ಟ್ಯಾಂಕಿನ ಹೊಟ್ಟೆಯನ್ನು ಗಳಿಗೆಗೊಮ್ಮೆ ಮುಟ್ಟಿ ನೋಡುತ್ತಿದ್ದ. ಹೀಗೆ ವರ್ಷಗಳು ಸವೆದು, ತಲೆಗೂದಲು ಸವೆದು, ಒಂದು ಮಧ್ಯಾಹ್ನ ಗೋದಾಮಿನಲ್ಲಿ ಬೇಕರಿಯ ಪರಿಮಳ ಎದ್ದಿತು.

ಹಮಾಲರು ಮೂಟೆ ಇಳಿಸಿ ನಿಂತರು. ಹೆಂಡತಿ ಬಾಯ್ಲರ್ ಬಿಟ್ಟು ಓಡಿ ಬಂದಳು. ಅವನು ಒಂದು ಸಣ್ಣ ಬಾಟಲಿಯಲ್ಲಿ ಅದನ್ನು ಹಿಡಿದುಕೊಂಡು ಅತ್ತೆಯ ಕಚೇರಿಗೆ ಹೋದ. ಎಲ್ಲರೂ ಹಿಂದೆ ಹೋದರು.

ಅಲ್ಲಿ ಒಂದು ತೊಡಕಿತ್ತು. ಎಲ್ಲರ ವ್ಯವಹಾರದಲ್ಲೂ ತೂರುತ್ತಿದ್ದ ಅತ್ತೆಯ ಮೂಗು, ಗಿರಣಿಯ ಧೂಳು ಕುಡಿದು ಕುಡಿದು, ವಾಸನೆ ಹಿಡಿಯುವುದನ್ನು ಎಂದೋ ಬಿಟ್ಟುಬಿಟ್ಟಿತ್ತು. ಅದನ್ನು ಅವರು ಯಾರಿಗೂ ಹೇಳಿರಲಿಲ್ಲ. ಯಜಮಾನಿಯ ಮೂಗು ಕೆಟ್ಟಿದೆಯೆಂದು ದಲ್ಲಾಳಿಗಳಿಗೆ ಗೊತ್ತಾದರೆ ಮುಗ್ಗಲು ಭತ್ತವೆಲ್ಲ ಇಲ್ಲಿಗೇ ಬರುತ್ತದಲ್ಲ! ಬಾಟಲಿ ಮೂಸಿದರು. ಇನ್ನೊಮ್ಮೆ ಮೂಸಿದರು.

“ಏನೂ ಇಲ್ಲ,” ಎಂದರು.

“ಇಲ್ಲಮ್ಮ, ಘಮ್ ಅಂತಿದೆ!” ಎಂದಳು ಮಗಳು.

“ನಿನ್ನ ಗಂಡ ನೀರು ಹಿಡ್ಕೊಂಡು ಬಂದ್ರೂ ನಿನಗೆ ಘಮ್ ಅನ್ನುತ್ತೆ.”

ಹಮಾಲರು ಸಾಕ್ಷಿ ಹೇಳಿದರು. “ಸಾಹೇಬರು ನಿಮಗೆ ದಿನಾ ಟೀ ಕೊಡಿಸ್ತಾರೆ, ನನಗೆ ಗೊತ್ತು,” ಎಂದು ಅತ್ತೆ ಆ ಸಾಕ್ಷಿಯನ್ನೂ ತಳ್ಳಿಹಾಕಿದರು. ಅಳಿಯ ಬಾಟಲಿಯ ಮುಚ್ಚಳ ಹಾಕಿ ಹೊರಡಬೇಕು, ಅಷ್ಟರಲ್ಲಿ ಭಾವಮೈದುನ ಒಳಗೆ ಬಂದ. ನಿದ್ದೆಯಿಂದ ಎದ್ದು ಬಂದಿದ್ದ. ಏನು ನಡೆಯುತ್ತಿದೆಯೆಂದು ಅವನಿಗೆ ತಿಳಿಯದು. ಬಾಗಿಲಲ್ಲೇ ನಿಂತು ಗಾಳಿ ಎಳೆದುಕೊಂಡ.

“ಐಸ್‌ಕ್ರೀಮ್ ಯಾರು ತಂದ್ರು? ಎಲ್ಲಾ ತಿಂದು ಮುಗಿಸಿದ್ರಾ? ನನಗೊಂಚೂರೂ ಇಟ್ಟಿಲ್ವಾ?”

ಹುಟ್ಟಿದಾಗಿನಿಂದ ಒಂದು ಕೆಲಸವನ್ನೂ ನೆಟ್ಟಗೆ ಮಾಡದ ಮಗ, ಭಾವನ ಬಗ್ಗೆ ಒಂದು ಒಳ್ಳೆಯ ಮಾತನ್ನೂ ಆಡದ ಮಗ, ಅಂದು ಎರಡನ್ನೂ ಗೊತ್ತಿಲ್ಲದೆ ಒಟ್ಟಿಗೇ ಮಾಡಿಬಿಟ್ಟಿದ್ದ. ಅತ್ತೆ ಕನ್ನಡಕ ತೆಗೆದು ಬಾಟಲಿಯನ್ನು ಬೆಳಕಿಗೆ ಹಿಡಿದರು.

“ಇದನ್ನ ಯಾರು ಕೊಂಡ್ಕೋತಾರೆ ಅಳಿಯಂದಿರೇ?”

ಕೊಳ್ಳುವವರು ಸಿಕ್ಕರು. ಎಸೆನ್ಸ್ ತಯಾರಿಸುವ ಕಂಪನಿಯೊಂದು ಮಾದರಿ ಪರೀಕ್ಷಿಸಿ, ತಿಂಗಳು ತಿಂಗಳು ಬೇಕೆಂದಿತು. ಗೋದಾಮಿನ ಪಕ್ಕದಲ್ಲಿ ಹೊಸ ಶೆಡ್ಡು ಎದ್ದಿತು, ಹೊಳೆಯುವ ಟ್ಯಾಂಕುಗಳು ಬಂದವು. ಗೆದ್ದಲು ಹುತ್ತ ಕಟ್ಟುವವರೆಗೆ ಕಾಯುವ ಸಹನೆ ಹಾವಿಗೆ ಇದ್ದೇ ಇರುತ್ತದೆ: ಹೊಸ ಘಟಕದ ನಿರ್ದೇಶಕ ಭಾವಮೈದುನ ಎಂದು ಅತ್ತೆ ಸಾರಿದರು. ಅಳಿಯನಿಗೆ ‘ಸಲಹೆಗಾರ’ ಎಂಬ ಪದವಿ. ಕೆಲಸವನ್ನೆಲ್ಲ ಮಾಡುವವನಿಗೆ ಇಡುವ ಹೆಸರು ಅದು. ಉದ್ಘಾಟನೆಯಲ್ಲಿ ಭಾವಮೈದುನ ರಿಬ್ಬನ್ ಕತ್ತರಿಸಿ, “ಇದು ನನ್ನ ಬಾಲ್ಯದ ಕನಸು,” ಎಂದ. ಕಿಣ್ವವನ್ನು ಮೂರು ಸಲ ‘ಕಿಣ್ಣ’ ಎಂದ. ಜನ ಚಪ್ಪಾಳೆ ತಟ್ಟಿದರು. ಸಲಹೆಗಾರ ಆಗ ಹಿಂದುಗಡೆ ಮೊಣಕಾಲೂರಿ ಕೂತು, ಕಟ್ಟಿಕೊಂಡ ಪಂಪು ಬಿಡಿಸುತ್ತಿದ್ದ. ಚಪ್ಪಾಳೆ ಕೇಳಿ, ಪಂಪು ಸರಿಹೋದದ್ದಕ್ಕೆ ಇರಬೇಕೆಂದುಕೊಂಡ.

ಅವನಿಗೆ ಸಿಟ್ಟು ಬರಲಿಲ್ಲ. ಅವನ ಹೆಂಡತಿಗೆ ಬಂತು, ಇಬ್ಬರ ಪಾಲಿನದೂ ಸೇರಿ. ಮಾರನೆಯ ಬೆಳಿಗ್ಗೆ ಅವಳು ಹೊಸ ಶೆಡ್ಡಿಗೆ ಹೋಗುವ ಆವಿಯ ವಾಲ್ವು ತಿರುಗಿಸಿ ಮುಚ್ಚಿ, ಹಿಡಿಯನ್ನು ಕಳಚಿ ಸೆರಗಿಗೆ ಕಟ್ಟಿಕೊಂಡಳು. ಟ್ಯಾಂಕುಗಳು ತಣ್ಣಗಾಗತೊಡಗಿದವು. ನಿರ್ದೇಶಕರು ಓಡಿ ಬಂದರು.

“ಅಕ್ಕ, ಸ್ಟೀಮ್ ನಿಂತೋಗಿದೆ!”

“ಹೌದಾ? ನಿನ್ನ ಬಾಲ್ಯದ ಕನಸಲ್ಲಿ ಸ್ಟೀಮ್ ಎಲ್ಲಿಂದ ಬರ್ತಿತ್ತು ನೋಡು, ಅಲ್ಲಿಂದ್ಲೇ ತಗೋ.”

“ಅಮ್ಮಂಗೆ ಹೇಳ್ತೀನಿ!”

“ಹೇಳು. ಅಮ್ಮಂಗೂ ಅದನ್ನೇ ಹೇಳ್ತೀನಿ.”

ಅತ್ತೆ ಬಂದರು. ತಾಯಿ ಮಗಳ ನಡುವೆ ನಡೆದ ಮಾತು ಗಿರಣಿಯ ಸದ್ದನ್ನೂ ಮೀರಿ ಬೀದಿಗೆ ಕೇಳಿಸಿತು. ತನ್ನದೇ ಗಂಟಲು ಮಗಳಿಗೂ ಬಂದಿದೆಯೆಂದು ಅತ್ತೆಗೆ ಅಂದು ತಿಳಿಯಿತು. ಒಳಗೊಳಗೇ ಹೆಮ್ಮೆಯೂ ಆಗಿರಬೇಕು. ಸಂಜೆಯೊಳಗೆ ತೀರ್ಮಾನವಾಯಿತು. ಘಟಕ ಮಗಳು–ಅಳಿಯನ ವಶಕ್ಕೆ, ಭಾಷಣಗಳು ಭಾವಮೈದುನನ ವಶಕ್ಕೆ. ಎಲ್ಲರಿಗೂ ಅವರವರಿಗೆ ಬರುವ ಕೆಲಸವೇ ಸಿಕ್ಕಿದ್ದು ಆ ಗಿರಣಿಯ ಚರಿತ್ರೆಯಲ್ಲಿ ಅದೇ ಮೊದಲು.

ಗಂಡ ಕೈಮುಗಿದು ಬರುತ್ತಾನೆಂದು ಹೆಂಡತಿ ಕಾದಳು. ಅವನು ಬಂದ, ಕೆಂಡವಾಗಿ. ಮದುವೆಯಾದಂದಿನಿಂದ ಯಾರ ಮೇಲೂ ಏರದ ದನಿ ಅಂದು ಏರಿತು.

“ಇಡೀ ಟ್ಯಾಂಕ್ ತಣ್ಣಗಾಗಿ, ಹುಳಿ ಬಂದು ಹಾಳಾಯ್ತಲ್ಲೇ! ಯಾರನ್ನ ಕೇಳಿ ಮುಚ್ಚಿದೆ?”

“ನಿಮಗೋಸ್ಕರ ಅಲ್ವೇನ್ರೀ ಮುಚ್ಚಿದ್ದು?”

“ನನ್ನ ಬಯ್ದಿದ್ರೂ, ಬಿಟ್ಟಿದ್ರೂ ನಡೀತಿತ್ತು. ಕಿಣ್ವ ಏನು ಮಾಡಿತ್ತು ನಿನಗೆ?”

ಲೋಕದಲ್ಲಿ ಗಂಡಸರು ಆಸ್ತಿಗಾಗಿ, ಹೆಸರಿಗಾಗಿ ಹೆಂಡತಿಯ ಮೇಲೆ ಮುನಿಸಿಕೊಂಡದ್ದು ಕೇಳಿದ್ದೇವೆ. ಒಂದು ಟ್ಯಾಂಕು ತೌಡಿನ ಗಂಜಿಗಾಗಿ ಮುನಿಸಿಕೊಂಡವನು ಇವನೊಬ್ಬನೇ ಇರಬೇಕು. ಅವಳೂ ಬಾಯ್ಲರ್ ಮನೆಯ ಸ್ಟೂಲಿನ ಮೇಲೆ ಮುಖ ತಿರುಗಿಸಿ ಕೂತಳು. ಅವನು ಹಾಳಾದ ಟ್ಯಾಂಕನ್ನು ತಾನೇ ತೊಳೆದ, ಹೊಸ ತೌಡು ತುಂಬಿಸಿದ, ನೀರು ಬಿಟ್ಟ. ಆಮೇಲೆ ಮಾಡಲು ಏನೂ ಉಳಿಯದೆ ಬಾಯ್ಲರ್ ಮನೆಯ ಬಾಗಿಲಿಗೆ ಬಂದು ನಿಂತ.

“ನೀನು ನನ್ನ ಪರವಾಗಿ ನಿಂತಿದ್ದೀಯ ಅಂತ ಕಿಣ್ವಕ್ಕೆ ಗೊತ್ತಾಗಲ್ಲ ಕಣೆ,” ಎಂದ ಮೆತ್ತಗೆ.

“ನಿಮಗೆ ಗೊತ್ತಾಯ್ತಾ?”

“ಆಯ್ತು,” ಎಂದ.

ಅವಳು ಸೆರಗಿನ ಗಂಟು ಬಿಚ್ಚಿ, ಹಿಡಿಯನ್ನು ವಾಲ್ವಿಗೆ ಸಿಕ್ಕಿಸಿ ತಿರುಗಿಸಿದಳು. “ಎಷ್ಟು ಬಿಸಿ ಬೇಕು ಹೇಳಿ,” ಎಂದಳು.