ಜೋಕಾದ ಸಂದರ್ಶನದಲ್ಲಿ ಕೇಳಿಬಂದ ಕನ್ನಡ

“ಮೇಜರ್, ನೀವು ಸೋತ ಒಂದು ಸಂದರ್ಭ ಹೇಳಿ,” ಎಂದು ಪ್ರೊಫೆಸರ್ ಇಂಗ್ಲಿಷಿನಲ್ಲಿ ಕೇಳಿದರು. ಸೇನೆ ಬಿಟ್ಟು ಎಂಬಿಎ ಓದಲು ಕೋಲ್ಕತ್ತದ ಜೋಕಾದಲ್ಲಿರುವ ಮ್ಯಾನೇಜ್‌ಮೆಂಟ್ ಕಾಲೇಜಿಗೆ ಸಂದರ್ಶನಕ್ಕೆ ಹೋಗಿದ್ದೆ. ಹೊರಗೆ ಕಾಯುತ್ತಿದ್ದವರೆಲ್ಲ ಐಟಿ ಕಂಪನಿಗಳ ಹುಡುಗ ಹುಡುಗಿಯರು. ನಾನು ಬೇರೇನೋ ಉತ್ತರ ಸಿದ್ಧಮಾಡಿಕೊಂಡಿದ್ದೆ. ಬಾಯಿಗೆ ಬಂದದ್ದು ನನ್ನ ತುಕಡಿಯ ಹವಾಲ್ದಾರ್ ತಮಂಗ್ ಹೆಸರು. ಅವನನ್ನು ಗಸ್ತಿಗೆ ಕಳಿಸಿದ್ದು ನಾನೇ. ಹಿಮ ಕುಸಿದು ತೀರಿಕೊಂಡ. ಅಷ್ಟು ಹೇಳಿ, ಮಾತು ನಿಲ್ಲಿಸಿ ಮೇಜಿನ ಮೇಲಿದ್ದ ನೀರಿನ ಲೋಟ ಎತ್ತಿಕೊಂಡೆ.

ಅರ್ಜಿಯಲ್ಲಿ ನನ್ನ ಊರು ನೋಡಿದ್ದ ಇನ್ನೊಬ್ಬ ಹಿರಿಯ ಪ್ರೊಫೆಸರ್ ಅಚ್ಚ ಮೈಸೂರು ಕನ್ನಡದಲ್ಲಿ, “ಅವಸರ ಇಲ್ಲಪ್ಪ, ನಿಧಾನಕ್ಕೆ ಹೇಳು. ನಾವು ಕಾಯ್ತೀವಿ,” ಎಂದರು. ಪೂರ್ತಿ ಹೇಳಿದೆ.

ಸೀಟು ಸಿಕ್ಕಿದ್ದು ಆಮೇಲಿನ ಮಾತು. ಅಂದು ಸಂಜೆ ಅದೇ ಊರಿನ ಲೇಕ್ ಮಾರ್ಕೆಟ್ ಬಳಿಯ ನಮ್ಮ ಮನೆಗೆ ಬಂದು, ಹೆಂಡತಿಯನ್ನು ಕೂರಿಸಿಕೊಂಡು ತಮಂಗ್ ವಿಷಯ ಹೇಳಿದೆ. ಅದುವರೆಗೆ ಅವಳಿಗೆ ಆ ಹೆಸರೇ ಗೊತ್ತಿರಲಿಲ್ಲ.