ಅರೆಯ ಮೇಲೆ ನೆನೆದ ಹುರುಳಿ

ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೋಗುವ ದಾರಿಯಲ್ಲಿ, ಪುಟ್ಟಸಿದ್ದಮ್ಮನ ಊರಿನ ಹಿಂದೆ ಒಂದು ಅರೆ ಇದೆ. ನೆಲಕ್ಕೆ ಹಾಸಿದಂಥ ಬೂದುಬಂಡೆ. ಅದರ ನಡುವೆ ಕರಿಕಲ್ಲಿನ ಒಂದು ಪಟ್ಟಿ. ಭೂಮಿ ಕುದಿಯುತ್ತಿದ್ದ ಕಾಲದಲ್ಲಿ ಕರಗಿ, ಬಿರುಕಿಗೆ ನುಗ್ಗಿ ಆರಿದ್ದು ಅದು ಎನ್ನುತ್ತಾರೆ ಓದಿದವರು. ಅದೇ ಕರಿಕಲ್ಲಿನ ಆಸೆಗೆ ಸುತ್ತಲ ಗುಡ್ಡಗಳನ್ನೆಲ್ಲ ಬಗೆದು ಹೊಂಡ ಮಾಡಿದ್ದೇವೆ. ಇದೊಂದು ಉಳಿದದ್ದು ನಮ್ಮ ಒಳ್ಳೆಯತನದಿಂದಲ್ಲ. ಊರಿಗೆ ಬೇರೆ ಕಣವಿಲ್ಲ, ಹುರುಳಿ ಒಕ್ಕುವುದು ಇದರ ಮೇಲೆಯೇ.

ಸೂರ್ಯಕಾಂತಿ ಹೊಲ ನೋಡಲು ಬರುವ ಕೇರಳದವರು ಇಲ್ಲಿಗೂ ಬರುತ್ತಾರೆ. ಪುಟ್ಟಸಿದ್ದಮ್ಮ ಮಜ್ಜಿಗೆ ಮಾರುತ್ತಾಳೆ, ಕರಿಪಟ್ಟಿ ತೋರಿಸುತ್ತಾಳೆ. ಅವಳದು ಒಂದೇ ಕಟ್ಟಳೆ: "ಚಪ್ಲಿ ಅಲ್ಲೇ ಬುಡ್ರಪ್ಪ. ಉಣ್ಣೋ ಕಾಳು ಬೀಳೋ ಜಾಗ."

ಕಳೆದ ಸುಗ್ಗಿಯಲ್ಲಿ ಪ್ರವಾಸಿ ತಾಣದ ಕೆಲಸ ಬಂತು. ಬಂಡೆಯ ರಕ್ಷಣೆಗೆ ಬಂಡೆಯನ್ನೇ ಕೊರೆದು ಬೇಲಿಯ ಕಂಬಿ ನೆಡುವ ಯೋಜನೆ. ಇಂಥ ಬುದ್ಧಿ ನಮಗಲ್ಲದೆ ಯಾರಿಗೆ ಬಂದೀತು?

"ಅವ್ವ, ಕಲ್ಲ ಕಾಯಕೇ ಕಣವ್ವ ಕಂಬಿ," ಅಂದ ಮೇಸ್ತ್ರಿ ಶಿವಶಂಕರ.

"ನಿಮ್ಮವ್ವನ್ನ ಕಾಯಕೂ ಎದೆಗೆ ಮೊಳೆ ಹೊಡ್ದೀಯೇನ್ಲಾ?"

ಮೊದಲ ತೂತಿಗೇ ಕರಿಪಟ್ಟಿ ಗೇಣುದ್ದ ಸೀಳಿತು. ಪುಟ್ಟಸಿದ್ದಮ್ಮ ಮನೆಗೆ ಹೋದಳು.

ಬೆಳಿಗ್ಗೆ ಕೆಲಸದವರು ಬಂದಾಗ ಅರೆಯ ತುಂಬ ಹುರುಳಿ ಹರಡಿತ್ತು. ಆ ವರ್ಷದ ಬೆಳೆ ಸಾಲದೆ, ಬಿತ್ತನೆಗೆಂದು ಎತ್ತಿಟ್ಟ ಕಾಳನ್ನೂ ಸುರಿದಿದ್ದಳು. ಕಣದಲ್ಲಿ ಕಾಳಿರುವಾಗ ಈ ಸೀಮೆಯಲ್ಲಿ ಚಪ್ಪಲಿ ಕಾಲು ಇಡುವವರಿಲ್ಲ.

"ಕಾಳ್ ಮ್ಯಾಲೆ ಮಿಷನ್ ಇಕ್ಕು ಅಂತೀಯಾ? ನನ್ ಕೈಲಾಗಲ್ಲ," ಅಂದ ಕೊರೆಯುವ ಮರಿಯಪ್ಪ. "ಎತ್ತೋಗಂಟ ಬೀಡಿ ಸೇದ್ಕಂಡ್ ಕೂತಿರ್ತೀನಿ."

ಅವಳು ಎತ್ತಲಿಲ್ಲ. ಅಷ್ಟರಲ್ಲಿ ಕಾಲವಲ್ಲದ ಕಾಲದಲ್ಲಿ ಮೋಡ ಕಟ್ಟಿತು. ಶಿವಶಂಕರನೇ ಟಾರ್ಪಾಲು ಹಿಡಿದು ಓಡಿ ಬಂದ.

"ಬಿತ್ನೆ ಕಾಳು ಕಣವ್ವ ಅದು. ಎತ್ತನ ಬಾ."

"ಎತ್ತುದ್ರೆ ನೀ ಕೊರೀತೀಯ. ನೆನೀಲಿ ಬುಡು."

ಮಳೆ ಸುರಿಯಿತು. ಅವನು ಚಪ್ಪಲಿ ಕಳಚಿ ಅಂಚಿನಲ್ಲೇ ನಿಂತಿದ್ದ, ಟಾರ್ಪಾಲು ಬಿಚ್ಚದೆ. ಹುರುಳಿ ಮೊಳೆತು, ಹುಳಿತು, ನಾರಿತು. ಆಮೇಲೆ ಅವನು ಅರೆಯಿಂದಾಚೆ, ಮಣ್ಣಿನಲ್ಲಿ, ಕಂಬಿಗೆ ಗುಂಡಿ ತೋಡಿಸಿದ.

ಈಗ ಅಲ್ಲೊಂದು ಬೋರ್ಡಿದೆ. ಕಲ್ಲನ್ನು ಉಳಿಸಿದವರೆಂದು ಯಾರ್ಯಾರದೋ ಹೆಸರಿದೆ, ಅವಳದಿಲ್ಲ. ಈ ಸಲ ಅವಳ ಹೊಲಕ್ಕೆ ಹುರುಳಿಯೂ ಬೀಳಲಿಲ್ಲ.

ಬಂದವರು ಕರಿಪಟ್ಟಿಯ ಸೀಳು ನೋಡಿ, ಇದೂ ಅಷ್ಟೇ ಹಳೆಯದೇ ಎಂದು ಕೇಳುತ್ತಾರೆ.

"ಅದು ಮೊನ್ನೇದು ಕಣಪ್ಪ," ಅನ್ನುತ್ತಾಳೆ ಪುಟ್ಟಸಿದ್ದಮ್ಮ. "ನಮ್ಮೋರೇ ಮಾಡಿದ್ದು."